ಅಮ್ಮನ ಮಾತ್ರೆ ಚೀಲ ಮತ್ತು ಮೂವರು ಫಾರ್ಮಸಿಸ್ಟ್‌ಗಳು

ಅಮ್ಮನಿಗೆ ದಿನಕ್ಕೆ ಒಂಬತ್ತು ಮಾತ್ರೆ, ಮೇಲೊಂದು ಇನ್‌ಹೇಲರ್. ಅವುಗಳ ಉಸ್ತುವಾರಿ ನನ್ನದು. ಹಾಗಾಗಿ ಮೂರು ತರಹದ ಫಾರ್ಮಸಿಸ್ಟ್‌ಗಳ ಸಹವಾಸ ಆಯಿತು: ಫೋನ್ ಆ್ಯಪ್‌ನಲ್ಲಿ ಸಿಗುವವರು, ಆಸ್ಪತ್ರೆ ವಾರ್ಡಿನವರು, ಔಷಧಿ ಅಂಗಡಿಯವರು.

ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ಕೊಡಬಹುದಾ? ಮೂವರಿಗೂ ಇದೇ ಪ್ರಶ್ನೆ ಕೇಳಿದೆ. ಆ್ಯಪ್‌ನವರು ರಾತ್ರಿ ಹನ್ನೊಂದಕ್ಕೂ ಥಟ್ಟಂತ ಉತ್ತರ ಕೊಟ್ಟರು: 4 ಗಂಟೆ ಅಂತರ ಇರಲಿ. ಸರಿಯಾದ ಉತ್ತರವೇ. ವಾರ್ಡಿನವರು ಅದನ್ನೇ ಹೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಎರಡಕ್ಕೂ ಹೊತ್ತು ಬರೆದುಕೊಟ್ಟರು. ಅಂಗಡಿಯವರು ಮಾತ್ರ ತಿರುಗಿ ನನ್ನನ್ನೇ ಕೇಳಿದರು: "ಅಮ್ಮ ಎಷ್ಟು ಹೊತ್ತಿಗೆ ಏಳ್ತಾರೆ? ತಿಂಡಿ ಯಾವಾಗ?" ಆಮೇಲೆ ಕ್ಯಾಲ್ಸಿಯಂ ಅನ್ನು ರಾತ್ರಿ ಊಟಕ್ಕೆ ತಳ್ಳಿದರು. ಅಲ್ಲಿಗೆ ಲೆಕ್ಕ ಇಡುವ ತಲೆನೋವೇ ಹೋಯಿತು.

ಆ್ಯಪ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮಾತ್ರೆ ಮುಗಿಯುವ ಮುಂಚೆ ನೆನಪಿಸುತ್ತದೆ, ಮನೆಗೇ ತಲುಪಿಸುತ್ತದೆ. ಆದರೆ ಪ್ರತಿ ಸಲವೂ ಬೇರೆ ಯಾರೋ ಇರುತ್ತಾರೆ. ಕೇಳಿದ್ದಕ್ಕೆ ಉತ್ತರ ಸಿಗುತ್ತದೆ, ಕೇಳಲು ಹೊಳೆಯದೇ ಇದ್ದದ್ದಕ್ಕೆ ಇಲ್ಲ.

ವಾರ್ಡಿನಲ್ಲಿ ಫಾರ್ಮಸಿಸ್ಟ್ ಇರುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಚಾರ್ಟ್ ಹಿಡಿದು ಬಂದವರು, "ಚೀಟಿಲಿ ಇರೋದು ಬೇಡ, ಮನೇಲಿ ನಿಜವಾಗಿ ಏನೇನು ತಗೊಳ್ತಾರೆ ಹೇಳಿ" ಅಂದರು. ಮಂಡಿನೋವಿಗೆ ಅಮ್ಮ ತಾನೇ ನುಂಗುತ್ತಿದ್ದ ಐಬುಪ್ರೊಫೆನ್ ಆಗ ಹೊರಬಿತ್ತು. ಅವರ ಪೆನ್ನು ಅಲ್ಲೇ ನಿಂತಿತು. ಬಿಪಿಗೆ ರಾಮಿಪ್ರಿಲ್, ಜೊತೆಗೆ ಮೂತ್ರ ಹೆಚ್ಚು ಹೋಗಿಸುವ ಮಾತ್ರೆ, ಮೂರನೆಯದಾಗಿ ಇದೂ ಸೇರಿದರೆ ಕಿಡ್ನಿಗೇ ಪೆಟ್ಟು. ಕಿಡ್ನಿ ಕೆಲಸ ಕುಗ್ಗಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಅಮ್ಮನಿಗೆ ಆಗಲೇ ಏರಿತ್ತು. ಡಾಕ್ಟರ್ ಜೊತೆ ಮಾತಾಡಿ ಐಬುಪ್ರೊಫೆನ್ ನಿಲ್ಲಿಸಿದರು, ಆಂಟಿಬಯಾಟಿಕ್ ಡೋಸನ್ನೂ ಕಿಡ್ನಿಗೆ ತಕ್ಕಂತೆ ಇಳಿಸಿದರು. ಇಂಥ ಕೆಲಸ ಉಳಿದಿಬ್ಬರ ಕೈಲಿ ಆಗುವಂಥದ್ದಲ್ಲ. ರಕ್ತದ ರಿಪೋರ್ಟು ಅವರ ಮುಂದೆ ಇರುವುದಿಲ್ಲವಲ್ಲ. ಆದರೆ ಮನೆಗೆ ಬಂದ ಮೇಲೆ ಈ ನಂಟು ಮುಗಿದುಹೋಗುತ್ತದೆ.

ನನ್ನ ಓಟು ಅಂಗಡಿಯವರಿಗೆ. ಮೊದಲ ಸಲ ಅವರ ಮೇಲೆ ಸಿಟ್ಟೇ ಬಂದಿತ್ತು, ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡಲ್ಲ ಅಂದಿದ್ದರು. ಡಿಸ್ಚಾರ್ಜ್ ಆದ ಮೇಲೆ ಅವರೇ, "ಮನೇಲಿರೋದೆಲ್ಲ ಒಂದು ಚೀಲಕ್ಕೆ ತುಂಬ್ಕೊಂಡು ಬನ್ನಿ" ಅಂದರು. ಅಮ್ಮನನ್ನೂ ಕರೆದುಕೊಂಡು ಹೋದೆ. ಚೀಲವನ್ನು ಕೌಂಟರ್ ಮೇಲೆ ಸುರಿದು, ಸ್ಟ್ರಿಪ್‌ಗಳನ್ನು ಮಗುಚಿ ಹಿಂಬದಿಯ ಸಣ್ಣಕ್ಷರ ಓದುತ್ತಾ ಹೋದರು. ಎರಡು ಸ್ಟ್ರಿಪ್ ಪಕ್ಕಕ್ಕೆ ಬಂದವು. ಒಂದು ಹಳೆಯದು, ಒಂದು ಆಸ್ಪತ್ರೆಯದು. ಹೆಸರು ಬೇರೆ, ಬಣ್ಣ ಬೇರೆ, ಒಳಗಿದ್ದದ್ದು ಎರಡರಲ್ಲೂ ಅದೇ ಬಿಪಿ ಔಷಧಿ, ಅಮ್ಲೊಡಿಪಿನ್ 5 ಮಿ.ಗ್ರಾಂ. ಅಮ್ಮ ಎರಡನ್ನೂ ನುಂಗುತ್ತಿದ್ದಳು! "ಕಾಲು ಊದಿದೆಯಾ?" ಅಂತ ಕೇಳಿದರು. ಊದಿತ್ತು. ವಯಸ್ಸಾಯ್ತಲ್ಲ ಅಂತ ನಾವು ಸುಮ್ನೆ ಇದ್ದೆವು. ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ ಒಂದನ್ನು ತೆಗೆಸಿದರು. ಆಮೇಲೆ ಊತ ಇಳಿಯಿತು.

ಇನ್‌ಹೇಲರ್ ಹೇಗೆ ತಗೊಳ್ತೀರಿ ತೋರಿಸಿ ಅಂದರು. ಅಮ್ಮ ಒತ್ತಿದಳು, ಔಷಧಿಯೆಲ್ಲ ಬಾಯಿಂದ ಹೊಗೆಯಂತೆ ಆಚೆ ಬಂತು. ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ನಿಧಾನಕ್ಕೆ ಎಳೆಯುತ್ತಾ ಒತ್ತಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೆರಾಯ್ಡ್ ಇರುವುದರಿಂದ ಕೊನೆಗೆ ಬಾಯಿ ಮುಕ್ಕಳಿಸಬೇಕು. ಮೂರು ಸಲ ಮಾಡಿಸಿ ನೋಡಿದರು.

ಜನ ತುಂಬಿದ ಹೊತ್ತಿಗೆ ಹೋದರೆ ಇದ್ಯಾವುದೂ ನಡೆಯುವುದಿಲ್ಲ. ಜೊತೆಗೆ, ಕೌಂಟರ್ ಹಿಂದೆ ಇರುವವರೆಲ್ಲ ಫಾರ್ಮಸಿಸ್ಟ್ ಆಗಿರುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು.

ಈಗ ಮಾಮೂಲಿ ಮಾತ್ರೆಗೆ ಆ್ಯಪ್. ಮೂರು ತಿಂಗಳಿಗೊಮ್ಮೆ, ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ, ಚೀಲದ ಸಮೇತ ಕೌಂಟರಿಗೆ. ಅಮ್ಮ ಬೆರಳು ಮಡಚುತ್ತಾ ಹತ್ತು ಎಣಿಸುತ್ತಾಳೆ. ನಾನು ನೋಡದಿದ್ದರೆ ಎಂಟಕ್ಕೇ ಬಿಟ್ಟುಬಿಡುತ್ತಾಳೆ.