ಕಳ್ಳಿಗಿಡಕ್ಕೆ ಇಮಾಗಾನ್ ಬೇಕಾ, ಕ್ಲೋಸ್‌ಅಪ್ ಗಾಜು ಸಾಕಾ?

ಕಳ್ಳಿಗಿಡಗಳನ್ನು ಸಾಫ್ಟ್ ಫೋಕಸ್‌ನಲ್ಲಿ, ಅಂದರೆ ಮೆತ್ತಗೆ ಮಬ್ಬಾಗಿ ತೆಗೆಯಲು ಯಾವ ಲೆನ್ಸು ಅನ್ನುವುದು ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಲೋಸ್‌ಅಪ್ ಗಾಜಿಗೆ. ಅದೇ, ಫಿಲ್ಟರಿನ ಹಾಗೆ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುತ್ತಾರಲ್ಲ, +1, +2, +4, +10 ಪವರಿನ ನಾಲ್ಕರ ಸೆಟ್ಟು. ಇಡೀ ಸೆಟ್ಟು ಸಾವಿರ ರೂಪಾಯಿ ಒಳಗೆ ಬಂತು. ಎದುರಿಗಿರುವುದು ರೋಡೆನ್‌ಸ್ಟಾಕ್‌ನ 200 ಮಿ.ಮೀ. ಲೆನ್ಸು, ಇಮಾಗಾನ್. ಸಾಫ್ಟ್ ಫೋಕಸ್ ಅಂದರೆ ಎಲ್ಲರೂ ಮೊದಲು ಹೇಳುವ ಹೆಸರು. ಸೆಕೆಂಡ್ ಹ್ಯಾಂಡೇ ಕೊಂಡಿದ್ದು, ಆದರೂ ಅದಕ್ಕೆ ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಕ್ಯಾಮೆರಾ 4×5 ಇಂಚಿನ ಮರದ ಫೀಲ್ಡ್ ಕ್ಯಾಮೆರಾ, ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ, ಅಂದರೆ ಬೆಲ್ಲೋಸ್, 300 ಮಿ.ಮೀ.ವರೆಗೆ ಎಳೆಯಬಹುದು. ಗಿಡಗಳು ಬೆಂಗಳೂರಿನ ನಮ್ಮ ತಾರಸಿಯವೇ. ಫಿಲ್ಮ್ ಮಾತ್ರ ಆಸ್ಪತ್ರೆಗಳಿಗೆ ಹೋಗುವ ಹಸಿರು ಸೆನ್ಸಿಟಿವ್ ಎಕ್ಸ್‌ರೇ ಫಿಲ್ಮ್. 8×10 ಹಾಳೆ ಒಂದನ್ನು ಕತ್ತರಿಸಿದರೆ ನಾಲ್ಕು ಶೀಟು. ಕೆಂಪು ಬೆಳಕು ಈ ಫಿಲ್ಮಿಗೆ ಕಾಣುವುದಿಲ್ಲ, ಹಾಗಾಗಿ ಬಚ್ಚಲಮನೆಯಲ್ಲಿ ಕೆಂಪು ಬಲ್ಬ್ ಹಾಕಿಕೊಂಡು ಕಣ್ಣಾರೆ ನೋಡುತ್ತಾ ಡೆವಲಪ್ ಮಾಡಬಹುದು.

ಕಳ್ಳಿ ಅಂದ್ರೆ ಚೂಪು, ಅದನ್ನ ಯಾಕೆ ಮಬ್ಬು ಮಬ್ಬಾಗಿ ತೆಗೀಬೇಕು ಅಂತ ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. 1920ರ ದಶಕದಲ್ಲಿ ಜರ್ಮನಿಯ ರೆಂಗರ್-ಪಾಟ್ಷ್, ಕ್ಯಾಲಿಫೋರ್ನಿಯಾದ ಇಮೋಜೆನ್ ಕನಿಂಗ್‌ಹ್ಯಾಮ್ ಕಳ್ಳಿಗಳನ್ನು ತೆಗೆದಿದ್ದು ಮುಳ್ಳು ಮುಳ್ಳೂ ಎಣಿಸುವಷ್ಟು ಸ್ಪಷ್ಟವಾಗಿ. 1932ರಲ್ಲಿ ಇಂಥ ಚೂಪು ಫೋಟೋದವರ ಎಫ್ 64 ಗುಂಪು ಶುರುವಾದಾಗ ಕನಿಂಗ್‌ಹ್ಯಾಮ್ ಅದರಲ್ಲೂ ಇದ್ದರು. ಇಮಾಗಾನ್ ರೂಪಿಸುವುದರ ಹಿಂದಿದ್ದ ಛಾಯಾಗ್ರಾಹಕ ಹೈನ್‌ರಿಕ್ ಕ್ಯೂನ್ ಇದಕ್ಕೆ ಪೂರ್ತಿ ವಿರುದ್ಧ ಪಕ್ಷದವರು, ಮಬ್ಬಿನವರು. ನನ್ನ ಕಾರಣ ಸರಳ. ಸಂಜೆ ಬಿಸಿಲು ಗಿಡದ ಹಿಂದಿನಿಂದ ಬಿದ್ದಾಗ ಪ್ರತಿ ಮುಳ್ಳಿನ ಅಂಚೂ ಹೊತ್ತಿಕೊಳ್ಳುತ್ತದೆ. ಮಾಮೂಲಿ ಲೆನ್ಸು ಮುಳ್ಳನ್ನು ಮಾತ್ರ ತೋರಿಸುತ್ತದೆ. ಸಾಫ್ಟ್ ಲೆನ್ಸು ಮುಳ್ಳನ್ನೂ ತೋರಿಸುತ್ತದೆ, ಅದರ ಸುತ್ತ ಇರುವ ಬೆಳಕನ್ನೂ ತೋರಿಸುತ್ತದೆ.

ಈಗ ಇಮಾಗಾನ್ ತಕರಾರಿಗೆ ಬರೋಣ.

ಅದರ ಮೂತಿಗೆ ಒಂದು ತೂತಿನ ತಟ್ಟೆ ಇಡಬೇಕು. ನಡುವೆ ದೊಡ್ಡ ತೂತು, ಸುತ್ತ ಸಣ್ಣ ಸಣ್ಣ ತೂತುಗಳು. ಗಾಜಿನ ಅಂಚಿನಿಂದ ಬರುವ ಬೆಳಕು ನಡುವಿನ ಬೆಳಕಿಗಿಂತ ಸ್ವಲ್ಪ ಮೊದಲೇ ಫೋಕಸ್ ಆಗುತ್ತದೆ, ಮಬ್ಬು ಬರುವುದು ಅದರಿಂದಲೇ. ಆ ಅಂಚಿನ ಬೆಳಕನ್ನು ಎಷ್ಟು ಬಿಡಬೇಕು ಅಂತ ತಟ್ಟೆ ತಿರುಗಿಸಿ ಸಣ್ಣ ತೂತುಗಳನ್ನು ತೆರೆದು ಮುಚ್ಚಿ ತೀರ್ಮಾನಿಸಬಹುದು. ಜಾಣ ಉಪಾಯ. ಮುಖದ ಫೋಟೋಗೆ ಅದ್ಭುತ.

ಆದರೆ ಫೋಕಸ್ ತಪ್ಪಿದ ಜಾಗದಲ್ಲಿ ಹೊಳೆಯುವ ಒಂದು ಚುಕ್ಕಿ ಇದ್ದರೆ, ಅದು ಈ ತಟ್ಟೆಯ ಆಕಾರವನ್ನೇ ತಳೆಯುತ್ತದೆ. ನಡುವೆ ಒಂದು ದುಂಡು, ಸುತ್ತ ಪುಟ್ಟ ಪುಟ್ಟ ಚುಕ್ಕಿಗಳು. ಮುಖ ತೆಗೆಯುವಾಗ ಹಿಂದೆ ಪರದೆ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕಳ್ಳಿಯಲ್ಲಿ ಹಾಗಲ್ಲ. ಹಿಂಬೆಳಕಿನಲ್ಲಿ ಪ್ರತಿ ಮುಳ್ಳಿನ ತುದಿಯೂ ಒಂದು ಹೊಳೆಯುವ ಚುಕ್ಕಿ, ಮ್ಯಾಮಿಲೇರಿಯಾ ಜಾತಿಯ ಕಳ್ಳಿಯ ಒಂದು ಕುಂಡದಲ್ಲೇ ಅಂಥವು ನೂರಾರು, ಅಷ್ಟು ಹತ್ತಿರದಿಂದ ತೆಗೆಯುವಾಗ ಅರ್ಧ ಇಂಚು ಹಿಂದಿರುವ ಮುಳ್ಳು ಆಗಲೇ ಫೋಕಸ್‌ನಿಂದ ಹೊರಗೆ. ಡೆವಲಪರ್ ಟ್ರೇಯಲ್ಲಿ ಚಿತ್ರ ಮೂಡಿದಾಗ ನೋಡಿದರೆ ಗಿಡದ ಮುಂಭಾಗ ಚೆಂದ, ಹಿಂಭಾಗದ ತುಂಬಾ ಚುಕ್ಕಿ ರಂಗೋಲಿ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗೀತು, ಆಮೇಲೆ ಗಿಡ ಕಾಣುವುದೇ ಇಲ್ಲ.

ಸಣ್ಣ ತೂತು ಮುಚ್ಚಿದರೆ ರಂಗೋಲಿ ಹೋಗುತ್ತದೆ, ಜೊತೆಗೆ ಮಬ್ಬೂ ಮುಕ್ಕಾಲು ಹೋಗುತ್ತದೆ. ತಟ್ಟೆಯನ್ನೇ ತೆಗೆದರೆ ಮಬ್ಬು ವಿಪರೀತ. ಆಗ ಕ್ಯಾಮೆರಾ ಹಿಂದಿನ ಮಸುಕು ಗಾಜಿನ (ಗ್ರೌಂಡ್ ಗ್ಲಾಸ್) ಮೇಲೆ ಲೂಪ್, ಅಂದರೆ ಪುಟ್ಟ ಭೂತಗನ್ನಡಿ ಇಟ್ಟು ನೋಡಿದರೂ ಫೋಕಸ್ ಎಲ್ಲಿದೆ ಅಂತ ತಿಳಿಯುವುದಿಲ್ಲ, ಕ್ಯಾಮೆರಾ ಹಿಂದೆ ಮುಂದೆ ಸರಿಸುತ್ತಾ ಕಪ್ಪು ಬಟ್ಟೆಯೊಳಗೆ ಬೆವರುವುದಷ್ಟೇ. ತಟ್ಟೆಯ ಬದಲು ಕಪ್ಪು ಕಾರ್ಡಿನಲ್ಲಿ ಒಂದೇ ದುಂಡು ತೂತು ಕತ್ತರಿಸಿ ಇಟ್ಟೆ. ಚೆನ್ನಾಗಿ ಬಂತು. ಆದರೆ ಅಷ್ಟು ದುಡ್ಡಿನ ಲೆನ್ಸಿಗೆ ರಟ್ಟು ಅಂಟಿಸುವುದಾದರೆ ಆ ರಟ್ಟನ್ನು ಅಗ್ಗದ ಗಾಜಿಗೇ ಅಂಟಿಸಬಹುದು, ಅಲ್ವಾ?

ಅದನ್ನೇ ಮಾಡಿದ್ದು. ಬೇರೆ ಲೆನ್ಸೇ ಇಲ್ಲದೆ, ಲೆನ್ಸ್ ಕೂರಿಸುವ ಹಲಗೆಗೆ (ಲೆನ್ಸ್ ಬೋರ್ಡ್) ಈ ಗಾಜನ್ನು ಉಬ್ಬಿದ ಮೈ ಒಳಕ್ಕೆ ಬರುವ ಹಾಗೆ ಕೂರಿಸಿ, ಅದರ ಮುಂದೆ ತೂತಿನ ರಟ್ಟು. ಸಾವಿರವನ್ನು ಗಾಜಿನ ಪವರಿನಿಂದ ಭಾಗಿಸಿದರೆ ಮಿ.ಮೀ. ಸಿಗುತ್ತದೆ. +4 ಒಂದೇ ಆದರೆ 250 ಮಿ.ಮೀ. ಲೆನ್ಸಾಯಿತು. ಅದಕ್ಕೆ +1 ಸೇರಿಸಿದರೆ 200, +2 ಸೇರಿಸಿದರೆ 167. ನನ್ನ ಬೆಲ್ಲೋಸ್ ಪೂರ್ತಿ ಎಳೆದರೆ 250ರಲ್ಲಿ ಗಿಡ ಐದನೇ ಒಂದು ಭಾಗದ ಅಳತೆಗೆ ಬರುತ್ತದೆ, 200ರಲ್ಲಿ ಅರ್ಧದಷ್ಟು, 167ರಲ್ಲಿ ಐದನೇ ನಾಲ್ಕು ಭಾಗದಷ್ಟು. ಇಮಾಗಾನ್‌ನಲ್ಲಿ ಅರ್ಧಕ್ಕೇ ನಿಲ್ಲಬೇಕು. ತೂತಿನ ಲೆಕ್ಕ ಸುಲಭ, ಲೆನ್ಸಿನ ಮಿ.ಮೀ.ಯನ್ನು ತೂತಿನ ಅಗಲದಿಂದ ಭಾಗಿಸಿದರೆ ಎಫ್ ಸಂಖ್ಯೆ, 250ಕ್ಕೆ 31 ಮಿ.ಮೀ. ತೂತು ಅಂದರೆ ಎಫ್ 8, 23 ಅಂದರೆ ಎಫ್ 11. ನನಗೆ ಎಫ್ 11ರ ಆಸುಪಾಸೇ ಸರಿ. ಫೋಕಸ್ ಯಾವಾಗಲೂ ರಟ್ಟು ಇಟ್ಟುಕೊಂಡೇ ಮಾಡಬೇಕು, ಮತ್ತು ನಮ್ಮ ಕಡೆಗೆ ಚಾಚಿರುವ ಮುಳ್ಳಿನ ತುದಿಗೇ ಮಾಡಬೇಕು. ಈ ಥರದ ಗಾಜಿನಲ್ಲಿ ಫೋಕಸ್‌ನ ಹಿಂದಿನದು ಮೆತ್ತಗೆ ಕರಗುತ್ತದೆ, ಮುಂದಿನದಕ್ಕೆ ಗಟ್ಟಿ ಅಂಚು ಬಂದು ಒರಟಾಗುತ್ತದೆ.

ಇದರಲ್ಲೂ ಕಿರಿಕಿರಿ ಇಲ್ಲ ಅಂತಲ್ಲ. ಒಂಟಿ ಗಾಜು ನೀಲಿ ಬೆಳಕನ್ನೂ ಹಸಿರನ್ನೂ ಒಂದೇ ಕಡೆ ಸೇರಿಸುವುದಿಲ್ಲ. ನಮ್ಮ ಕಣ್ಣು ಹಸಿರು-ಹಳದಿ ನೋಡಿ ಫೋಕಸ್ ಮಾಡುತ್ತದೆ, ಎಕ್ಸ್‌ರೇ ಫಿಲ್ಮ್ ನೀಲಿಯನ್ನೂ ಹಿಡಿಯುತ್ತದೆ. ಹಾಗಾಗಿ ನಾವು ನೋಡಿದ ಮುಳ್ಳಿಗಿಂತ ಕ್ಯಾಮೆರಾಗೆ ಹತ್ತಿರ ಇರುವುದು ಚೂಪಾಗಿ ಬರುತ್ತದೆ. ಹಳದಿ ಫಿಲ್ಟರ್ ಹಾಕಿದರೆ ನೀಲಿ ನಿಲ್ಲುತ್ತದೆ, ತಕರಾರು ಮುಗಿಯುತ್ತದೆ. ಎಕ್ಸ್‌ಪೋಷರ್ ಜಾಸ್ತಿ ಬೇಕು, ಅದು ಒಳ್ಳೆಯದೇ, ಯಾಕೆಂದರೆ ಶಟರ್ ಇಲ್ಲ. ಮುಚ್ಚಳ ತೆಗೆದು, ಎಣಿಸಿ, ಮುಚ್ಚಬೇಕು. ಬೆಳಕು ಇನ್ನೂ ಜೋರಿದ್ದರೆ ಅದನ್ನು ತಗ್ಗಿಸುವ ಎನ್‌ಡಿ ಫಿಲ್ಟರ್. ಗಾಳಿಗೆ ಕಳ್ಳಿ ಅಲ್ಲಾಡುವುದಿಲ್ಲ. ಮುಚ್ಚಳ ಹಾಕುವ ಅವಸರದಲ್ಲಿ ಬೆರಳಿನ ಗೆಣ್ಣಿಗೆ ಸಣ್ಣ ಮುಳ್ಳು ಹತ್ತಿದರೆ ಅದನ್ನು ತೆಗೆಯಲು ಅದೇ ಲೂಪ್ ಬೇಕಾಗುತ್ತದೆ.

150 ಮಿ.ಮೀ. ಲೆನ್ಸಿಗೆ ಸಾಫ್ಟ್ ಫಿಲ್ಟರ್ ಹಾಕಿಯೂ ನೋಡಿದೆ. ಮುಂದಿನ ಮುಳ್ಳಿಗೂ ಹಿಂದಿನ ಗೋಡೆಗೂ ಒಂದೇ ಮಬ್ಬು. ಬೇಡ.

ಎಕ್ಸ್‌ರೇ ಫಿಲ್ಮಿಗೆ ಎರಡೂ ಕಡೆ ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಲೇಪ ಇರುತ್ತದೆ, ಬೆಳಕು ಹಿಂದೆ ಹರಡದಂತೆ ತಡೆಯುವ ಲೇಪ ಇರುವುದಿಲ್ಲ. ಅಂದರೆ ಬಿಳಿ ಮುಳ್ಳಿನ ಸುತ್ತ ಫಿಲ್ಮೇ ಸ್ವಲ್ಪ ಹೊಳಪು ಸೇರಿಸುತ್ತದೆ. ಅದಕ್ಕೇ ನನಗೆ ಲೆನ್ಸಿನಿಂದ ಅಷ್ಟೊಂದು ಮಬ್ಬು ಬೇಕಾಗಿಲ್ಲ. ಕೆಂಪು ಮುಳ್ಳಿನ ಜಾತಿಗಳು ಇದರಲ್ಲಿ ಬರೀ ಕಪ್ಪು ಗೀಟುಗಳಾಗುತ್ತವೆ, ಅವುಗಳ ಆಸೆ ಬಿಡಿ.

ನೀವು ಕಲರ್ ಶೀಟ್ ಫಿಲ್ಮ್ ಹಾಕುವವರಾದರೆ ಲೆಕ್ಕ ಬೇರೆ. ಅಲ್ಲಿ ಒಂಟಿ ಗಾಜಿನ ಬಣ್ಣದ ದೋಷ ಮುಳ್ಳು ಮುಳ್ಳಿಗೂ ಎದ್ದು ಕಾಣುತ್ತದೆ, ಎರಡು ಗಾಜು ಅಂಟಿಸಿ ಮಾಡಿದ ಇಮಾಗಾನ್‌ಗೆ ಆ ಕಾಟ ಕಮ್ಮಿ. ರಟ್ಟು ಹಾಕಿಕೊಂಡು ಅದನ್ನೇ ಬಳಸಿ. ನನ್ನಂತೆ ಶೀಟಿಗೆ ಜಾಸ್ತಿ ಖರ್ಚು ಮಾಡದೆ ವಾರ ವಾರ ಕಪ್ಪು-ಬಿಳುಪು ತೆಗೆಯುವವರು ಸುಮ್ನೆ ಒಂದು ಸೆಟ್ಟು ತರಿಸಿಕೊಳ್ಳಿ. ಅದರಲ್ಲಿ ಬರುವ +10 ಮಾತ್ರ ಇದಕ್ಕೆ ಬೇಡ, ಅದು 100 ಮಿ.ಮೀ. ಆಗುತ್ತದೆ, 4×5ರ ಮೂಲೆಗಳು ಪೂರ್ತಿ ಕಲಸಿಹೋಗುತ್ತವೆ.