ಮೈನ್‌ಕ್ರಾಫ್ಟ್, ಮ್ಯಾಕ್‌ಬುಕ್ ಏರ್, ಕಲಬುರಗಿ ಬಿಸಿಲು: ಆಪ್ಟಿಫೈನ್ ಸರಿಯಾ, ಸೋಡಿಯಂ ಸರಿಯಾ?

ಆಪ್ಟಿಫೈನ್, ಸೋಡಿಯಂ ಎರಡೂ ಮೈನ್‌ಕ್ರಾಫ್ಟ್ ಹಗುರವಾಗಿ ಓಡಲಿ ಅಂತ ಹಾಕಿಕೊಳ್ಳುವ ಮಾಡ್‌ಗಳು, ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಂಗಳು. ಮೊದಲೇ ಹೇಳಿಬಿಡುತ್ತೇನೆ: ಫ್ಯಾನ್ ಇಲ್ಲದ ಮ್ಯಾಕ್‌ನಲ್ಲಿ, ನಮ್ಮೂರ ಬೇಸಿಗೆಯಲ್ಲಿ ಆಡುವವರಿಗೆ ಸೋಡಿಯಂ. ಆಪ್ಟಿಫೈನ್ ಬೇಡವೇ ಬೇಡ ಅಂತಲ್ಲ, ಅದಕ್ಕೂ ಒಂದು ಜಾಗ ಇದೆ. ಆದರೆ ಈ ಎರಡನ್ನು ಹೋಲಿಸುವವರು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ) ಎಷ್ಟು ಬಂತು ಅಂತ ಮಾತ್ರ ನೋಡುತ್ತಾರೆ. ನಾನು ನೋಡಿದ್ದು ಒಂದು ತಾಸು ಆಡಿದ ಮೇಲೂ ಅಷ್ಟೇ ಉಳಿಯಿತಾ ಅಂತ.

ನನ್ನದು ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್, 8 ಜಿಬಿ. ಚಿಪ್ಪಿನ ಬಿಸಿಯೆಲ್ಲ ಅಲ್ಯೂಮಿನಿಯಂ ಮೈಯಿಂದಲೇ ಹೊರಗೆ ಹೋಗಬೇಕು. ಹೋಗಲಿಲ್ಲವೆಂದರೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸುತ್ತಲಿನ ಗಾಳಿ 10ರಿಂದ 35 ಡಿಗ್ರಿ ಒಳಗಿರಲಿ ಅಂತ ಆಪಲ್ ಹೇಳುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೊರಗೆ 42, 43. ಕೂಲರ್ ಹಚ್ಚಿಕೊಂಡು ಕೂತರೂ ಮಧ್ಯಾಹ್ನ ಕೋಣೆ 35 ದಾಟಿರುತ್ತದೆ. ಎಸಿ ರೂಮಿನಲ್ಲಿ ಹತ್ತು ನಿಮಿಷ ಆಡಿ ತೋರಿಸುವ ಯೂಟ್ಯೂಬ್ ನಂಬರ್ ತಗೊಂಡು ನಾವೇನು ಮಾಡೋಣ?

ಮೈನ್‌ಕ್ರಾಫ್ಟ್‌ಗೆ ಜಾವಾ, ಬೆಡ್‌ರಾಕ್ ಅಂತ ಎರಡು ರೂಪ. ನಾವು ಆಡುವುದು ಜಾವಾ ಎಡಿಷನ್. ಬೆಡ್‌ರಾಕ್ ಎಡಿಷನ್ ಮ್ಯಾಕ್‌ಗೆ ಅಧಿಕೃತವಾಗಿ ಇಲ್ಲವೇ ಇಲ್ಲ. ಅಕ್ಕನ ಮಕ್ಕಳಿಬ್ಬರು ಮೊಬೈಲ್‌ನಲ್ಲಿ ಬೆಡ್‌ರಾಕ್ ಆಡುತ್ತಾರೆ. ಬೀದರ್‌ನ ಗೆಳೆಯನದು ವಿಂಡೋಸ್. ಎಲ್ಲರೂ ಸೇರುವುದು ಮುಂಬೈಯಲ್ಲಿ ಬಾಡಿಗೆಗೆ ತಗೊಂಡ ಒಂದು ಜಾವಾ ಸರ್ವರ್‌ನಲ್ಲಿ. ಅದರಲ್ಲಿ ಬೆಡ್‌ರಾಕ್‌ನವರನ್ನು ಜಾವಾ ಸರ್ವರ್‌ಗೆ ಸೇರಿಸುವ ಗೀಸರ್ ಅನ್ನುವ ಪ್ರೋಗ್ರಾಂ ಹಾಕಿದ್ದರಿಂದ ಮೊಬೈಲ್‌ನವರೂ ಒಳಗೆ ಬರಬಹುದು.

ಇನ್ನು ಎರಡು ಪೈಲ್ವಾನರ ವಿಷಯ. ಆಪ್ಟಿಫೈನ್ ಹಳೆಯದು. ಒಂದೇ ಫೈಲ್, ಅದರೊಳಗೆ ಎಲ್ಲಾ ಇದೆ: ಜೂಮ್, ಬೆಳಕು ನೆರಳನ್ನು ಚೆಂದ ಮಾಡುವ ಶೇಡರ್, ಕೈಯಲ್ಲಿ ಪಂಜು ಹಿಡಿದರೆ ಸುತ್ತ ಬೆಳಕು, ಗಾಜಿನ ಬ್ಲಾಕ್‌ಗಳು ಒಂದಕ್ಕೊಂದು ಸೇರಿದಂತೆ ಕಾಣುವುದು. ಸೋಡಿಯಂ ಬಂದದ್ದು 2020ರಲ್ಲಿ. ಅದು ಮಾಡುವುದು ಒಂದೇ ಕೆಲಸ. ಆಟ ಚಿತ್ರ ಬಿಡಿಸುವ ಭಾಗವನ್ನು ಹೊಸದಾಗಿ ಬರೆದು ಹಗುರ ಮಾಡಿದೆ, ಅಷ್ಟೇ. ಜೂಮ್ ಬೇಕಾದರೆ ಜೂಮಿಫೈ, ಪಂಜಿನ ಬೆಳಕಿಗೆ ಲ್ಯಾಂಬ್‌ಡೈನಮಿಕ್‌ಲೈಟ್ಸ್, ಗಾಜಿಗೆ ಕಂಟಿನ್ಯೂಯಿಟಿ, ಶೇಡರ್‌ಗೆ ಐರಿಸ್, ಹೀಗೆ ಒಂದೊಂದನ್ನೇ ಕೂಡಿಸಬೇಕು. ತಲೆನೋವು ಬೇಡ ಅನ್ನುವವರಿಗೆ ಇವನ್ನೆಲ್ಲ ಕಟ್ಟಿಕೊಡುವ ಫ್ಯಾಬ್ಯುಲಸ್ಲಿ ಆಪ್ಟಿಮೈಸ್ಡ್ ಅನ್ನುವ ಮಾಡ್‌ಪ್ಯಾಕ್ ಇದೆ. ಆಪ್ಟಿಫೈನ್, ಸೋಡಿಯಂ ಎರಡೂ ಒಟ್ಟಿಗೆ ನಡೆಯುವುದಿಲ್ಲ, ಒಂದನ್ನೇ ಆರಿಸಿಕೊಳ್ಳಬೇಕು.

ಹಾಕುವ ಸುಲಭದಲ್ಲಿ ನನಗೆ ಎರಡೂ ಸಮ. ಸೋಡಿಯಂಗೆ ಮೊದಲು ಫ್ಯಾಬ್ರಿಕ್‌ನಂಥ, ಮಾಡ್‌ಗಳನ್ನು ಆಟದೊಳಗೆ ಕೂಡಿಸುವ ಪ್ರೋಗ್ರಾಂ ಬೇಕು. ಆಪ್ಟಿಫೈನ್‌ಗೆ ಮ್ಯಾಕ್‌ನಲ್ಲಿ ಬೇರೆ ಜಾವಾ ಇರಬೇಕು. ಡಬಲ್ ಕ್ಲಿಕ್ ಮಾಡಿದರೆ ಮ್ಯಾಕ್ ಅನುಮಾನದಿಂದ ತಡೆಯುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ಒಪ್ಪಿಗೆ ಕೊಡಬೇಕು.

ಆಡಿದಾಗ ಏನಾಯಿತು? ಮುಂಜಾನೆ ತಂಪಿನಲ್ಲಿ, ಲಿಮಿಟ್ ಇಲ್ಲದೆ ಬಿಟ್ಟರೆ ಎರಡೂ ನೂರರ ಮೇಲೆ ಹೋದವು, ಸೋಡಿಯಂ ಜಾಸ್ತಿ ಮೇಲೆ. ಮಧ್ಯಾಹ್ನ ಅದೇ ಹಳ್ಳಿ, ಅದೇ ಗುಡ್ಡ, ಅದೇ ಸೆಟ್ಟಿಂಗ್. ಆಪ್ಟಿಫೈನ್‌ನಲ್ಲಿ ಅರ್ಧ ತಾಸಿನೊಳಗೆ ಕೀಬೋರ್ಡ್‌ನ ಮೇಲ್ಭಾಗ ಬೆರಳಿಗೆ ಚುರ್ ಅನ್ನಲು ಶುರುವಾಯಿತು. ಎಫ್‌ಪಿಎಸ್ ಇಳಿಯಿತು, ಹೊಸ ಜಾಗಕ್ಕೆ ಓಡಿದಾಗಲೆಲ್ಲ ಆಟ ಜಗ್ಗಿದಂತೆ ಆಯಿತು. ಸೋಡಿಯಂನಲ್ಲೂ ಬಿಸಿ ಆಯಿತು, ನಂಬರ್ ಇಳಿಯಿತು. ಆದರೆ ಇಳಿದು ನಿಂತದ್ದು ಆಡುವಷ್ಟು ಮಟ್ಟದಲ್ಲಿ, ಜಗ್ಗಾಟವೂ ಕಡಿಮೆ. ಅದೇ ಚಿತ್ರಕ್ಕೆ ಸೋಡಿಯಂ ಪ್ರೊಸೆಸರ್‌ಗೆ ಕಡಿಮೆ ಕೆಲಸ ಕೊಡುತ್ತದೆ. ಮುಂಜಾನೆ ಅದು ಹೆಚ್ಚಿನ ಎಫ್‌ಪಿಎಸ್ ಆಗಿ ಕಂಡಿತು, ಮಧ್ಯಾಹ್ನ ಕಡಿಮೆ ಬಿಸಿಯಾಗಿ.

ಅದಕ್ಕೇ ನಾನು ಎಫ್‌ಪಿಎಸ್ಸನ್ನು 60ಕ್ಕೆ ಕಟ್ಟಿಹಾಕಿದ್ದೇನೆ. ಈ ಏರ್‌ನ ಸ್ಕ್ರೀನ್ 60 ಹರ್ಟ್ಜ್. ಅದರ ಮೇಲೆ ಬಂದದ್ದು ಕಣ್ಣಿಗೆ ಕಾಣುವುದಿಲ್ಲ, ಸುಮ್ನೆ ಬಿಸಿ. ಲಿಮಿಟ್ ಹಾಕಿದ ಮೇಲೆ ಮುಂಜಾನೆಗೂ ಮಧ್ಯಾಹ್ನಕ್ಕೂ ಸೋಡಿಯಂನಲ್ಲಿ ವ್ಯತ್ಯಾಸ ಬಹುತೇಕ ಗೊತ್ತೇ ಆಗಲಿಲ್ಲ. ಆಪ್ಟಿಫೈನ್‌ನಲ್ಲಿ ಸುಧಾರಿಸಿತು, ಆದರೆ ಹಳ್ಳಿಯೊಳಗೆ ಹೋದರೆ ಮತ್ತೆ ಇಳಿಯುತ್ತಿತ್ತು. 1.21.2ರಿಂದ ಆಟದಲ್ಲೇ ಇನ್ನೊಂದು ಆಯ್ಕೆ ಬಂದಿದೆ: ನೀವು ಎದ್ದು ಚಹಾ ಕುಡಿಯಲು ಹೋದರೆ ಎಫ್‌ಪಿಎಸ್ ತಾನೇ ಇಳಿಯುತ್ತದೆ. ಅದನ್ನೂ ಆನ್ ಇಡಿ.

ರೆಂಡರ್ ಡಿಸ್ಟೆನ್ಸ್, ಅಂದರೆ ಆಟದಲ್ಲಿ ಎಷ್ಟು ದೂರದವರೆಗೆ ಕಾಣಬೇಕು ಅನ್ನುವುದರ ಬಗ್ಗೆ ಒಂದು ಮಾತು. ಇದರ ಲೆಕ್ಕ ಚಂಕ್‌ನಲ್ಲಿ, ಒಂದು ಚಂಕ್ ಅಂದರೆ 16 ಬ್ಲಾಕ್ ಅಗಲದ ತುಂಡು. 8ರಿಂದ 16 ಮಾಡಿದರೆ ಎರಡು ಪಟ್ಟು ಕೆಲಸ ಅಂದುಕೊಳ್ಳಬೇಡಿ, ಸುತ್ತ ನಾಲ್ಕೂ ಕಡೆ ಹರಡುವುದರಿಂದ ನಾಲ್ಕು ಪಟ್ಟು ಹತ್ತಿರ ಆಗುತ್ತದೆ. ಆನ್‌ಲೈನ್‌ನಲ್ಲಂತೂ ಸರ್ವರ್ ಎಷ್ಟು ಕಳಿಸುತ್ತದೋ ಅಷ್ಟೇ ನಿಮಗೆ ಕಾಣುವುದು. ಸರ್ವರ್‌ನಲ್ಲಿ ಆ ದೂರ ಬದಲಿಸದೆ ಬಿಟ್ಟರೆ 10 ಚಂಕ್. ನೀವು 24 ಇಟ್ಟುಕೊಂಡು ಕೂತರೂ ಹತ್ತರ ಆಚೆ ಏನೂ ಬರುವುದಿಲ್ಲ. ನಾನು ಬೇಸಿಗೆಗೆ 8 ಇಟ್ಟಿದ್ದೇನೆ. ಮೋಡ ಆಫ್, ಪ್ರಾಣಿಗಳ ನೆರಳು ಆಫ್, ಪಾರ್ಟಿಕಲ್ ಕಡಿಮೆ. ಸ್ಮೂತ್ ಲೈಟಿಂಗ್ ಮಾತ್ರ ಬಿಟ್ಟುಕೊಡಲಿಲ್ಲ, ಅದಿಲ್ಲದಿದ್ದರೆ ಆಟ ಅಂದವೇ ಇಲ್ಲ. ಸೋಡಿಯಂನ ಮೆನುವಿನಲ್ಲಿ ಯಾವ ಆಯ್ಕೆಯ ಮೇಲೆ ಮೌಸ್ ಇಟ್ಟರೂ ಅದರ ಹೊರೆ ಎಷ್ಟು ಅಂತ ಬರೆದು ತೋರಿಸುತ್ತದೆ. ಆಪ್ಟಿಫೈನ್‌ನಲ್ಲೂ ವಿವರಣೆ ಬರುತ್ತದೆ, ಆದರೆ ಆಯ್ಕೆಗಳು ಎಷ್ಟಿವೆ ಅಂದರೆ ಹುಡುಗರು ಒಂದೊಂದನ್ನೇ ತಿರುಗಿಸುತ್ತಾ ಆಟ ಆಡುವುದನ್ನೇ ಮರೆಯುತ್ತಾರೆ.

ಮೆಮೊರಿ ಜಾಸ್ತಿ ಕೊಟ್ಟರೆ ಜೋರಾಗಿ ಓಡುತ್ತದೆ ಅನ್ನುವುದು ಎಲ್ಲಾ ಕಡೆ ಸಿಗುವ ಸಲಹೆ. 8 ಜಿಬಿ ಮ್ಯಾಕ್‌ನಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಇಲ್ಲಿ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಅದೇ 8 ಜಿಬಿಯಲ್ಲಿ ಎಲ್ಲರೂ ಹಂಚಿಕೊಳ್ಳಬೇಕು. ಆಟಕ್ಕೆ 6 ಕೊಟ್ಟರೆ ಉಳಿದವರಿಗೆ ಮೆಮೊರಿಗಿಂತ ನಿಧಾನದ ಎಸ್‌ಎಸ್‌ಡಿಯೇ ಗತಿ. 3 ಸಾಕು, ಮಾಡ್‌ಪ್ಯಾಕ್ ಇದ್ದರೆ 4. ಜೊತೆಗೆ ಮೆಮೊರಿ ಉಳಿಸುವ ಫೆರೈಟ್‌ಕೋರ್ ಹಾಕಿಕೊಳ್ಳಿ.

ಶೇಡರ್ ಹಾಕುವ ಆಸೆ ಯಾರಿಗಿಲ್ಲ? ಇಲ್ಲಿ ಐರಿಸ್ ಆಗಲಿ ಆಪ್ಟಿಫೈನ್ ಆಗಲಿ, ಇಬ್ಬರಿಗೂ ಒಂದೇ ಗೋಡೆ. ಮೈನ್‌ಕ್ರಾಫ್ಟ್ ಚಿತ್ರ ಬಿಡಿಸಲು ಓಪನ್‌ಜಿಎಲ್ ಅನ್ನುವ ಗ್ರಾಫಿಕ್ಸ್ ವ್ಯವಸ್ಥೆಯ ಮೇಲೆ ನಡೆಯುತ್ತದೆ. ಆಪಲ್ 2018ರಲ್ಲೇ ಓಪನ್‌ಜಿಎಲ್ ಹಳೆಯದಾಯಿತು ಅಂತ ಘೋಷಿಸಿತು, ಮ್ಯಾಕ್‌ನಲ್ಲಿ ಅದು 4.1ಕ್ಕೇ ನಿಂತಿದೆ. 4.3ರ ಕಂಪ್ಯೂಟ್ ಶೇಡರ್ ಕೇಳುವ ಹೊಸ ಪ್ಯಾಕ್‌ಗಳು ಇಲ್ಲಿ ತೆರೆಯುವುದಿಲ್ಲ. ಬಿಎಸ್‌ಎಲ್ ಅನ್ನುವ ಶೇಡರ್ ಪ್ಯಾಕ್ ನಡೆಯುತ್ತದೆ. ಅದಕ್ಕೂ ಒಂದು ಉಪಾಯ ಬೇಕು. ಈ ಸ್ಕ್ರೀನ್ 2560×1600, ಅಂದರೆ 40 ಲಕ್ಷ ಪಿಕ್ಸೆಲ್ ಮೇಲೆ. ಶೇಡರ್ ಪ್ರತಿ ಪಿಕ್ಸೆಲ್‌ಗೂ ಲೆಕ್ಕ ಹಾಕಬೇಕು. ರೆಟಿನಾ (ಮ್ಯಾಕ್‌ನ ಒತ್ತೊತ್ತಾದ ಪಿಕ್ಸೆಲ್‌ಗಳ ಸ್ಪಷ್ಟತೆ) ಆಫ್ ಮಾಡುವ ಪುಟ್ಟ ಮಾಡ್ ಹಾಕಿದರೆ ಲೆಕ್ಕ ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಷರ ಸ್ವಲ್ಪ ಮಸುಕು ಕಾಣುತ್ತದೆ, ಚೌಕ ಚೌಕದ ಆಟಕ್ಕೆ ಅದೇನು ದೊಡ್ಡದಲ್ಲ, ಅಲ್ವಾ? ಆದರೂ ಏಪ್ರಿಲ್ ಮೇ ತಿಂಗಳಲ್ಲಿ ನಾನು ಶೇಡರ್ ಮುಟ್ಟುವುದಿಲ್ಲ. ದೀಪಾವಳಿ ಆದ ಮೇಲೆ ನೋಡೋಣ.

"ಮಾಮಾ, ಮತ್ತ ಹ್ಯಾಂಗ್ ಆಯ್ತು ನೋಡ್ರಿ" ಅಂತ ಪಕ್ಕದ ಕೋಣೆಯಿಂದ ಕೂಗು ಬಂದಾಗ ತಕ್ಷಣ ಗ್ರಾಫಿಕ್ಸ್ ಸೆಟ್ಟಿಂಗ್ ಬದಲಿಸಬೇಡಿ. ಎಫ್‌ಎನ್ ಜೊತೆ ಎಫ್3 ಹಿಡಿದು 2 ಒತ್ತಿದರೆ ಫ್ರೇಮ್‌ಗಳ ಗ್ರಾಫ್, 3 ಒತ್ತಿದರೆ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) ಗ್ರಾಫ್. ಎಫ್‌ಎನ್ ಬಿಟ್ಟರೆ ಮ್ಯಾಕ್ ಎಲ್ಲಾ ಕಿಟಕಿಗಳನ್ನು ಹರಡಿ ತೋರಿಸುತ್ತದೆ, ಅಷ್ಟರಲ್ಲಿ ಕ್ರೀಪರ್ ಬಂದು ಸಿಡಿದಿರುತ್ತದೆ. ಫ್ರೇಮ್ ಸಮ ಇದ್ದು ಪಿಂಗ್ ಮಾತ್ರ ಆಗಾಗ ಜಿಗಿದರೆ ತಪ್ಪು ಸೋಡಿಯಂದೂ ಅಲ್ಲ, ಆಪ್ಟಿಫೈನ್‌ದೂ ಅಲ್ಲ. ಏರ್‌ಡ್ರಾಪ್‌ಗಾಗಿ ಮ್ಯಾಕ್‌ನ ವೈಫೈ ಆಗಾಗ ಬೇರೆ ಚಾನೆಲ್‌ಗೆ ಇಣುಕಿ ಬರುತ್ತದೆ. 5 ಗಿಗಾಹರ್ಟ್ಜ್‌ನಲ್ಲಿ ಅದು ಇಣುಕುವುದು 44 ಮತ್ತು 149ನೇ ಚಾನೆಲ್‌ಗೆ. ಏರ್‌ಡ್ರಾಪ್, ಏರ್‌ಪ್ಲೇ ರಿಸೀವರ್ ಆಫ್ ಮಾಡಿ, ರೂಟರನ್ನೇ 149ಕ್ಕೆ ಇಟ್ಟ ಮೇಲೆ ನಮ್ಮ ಮನೆಯಲ್ಲಿ ಆ ಜಿಗಿತ ಬಹಳ ಕಡಿಮೆಯಾಯಿತು. ಕರೆಂಟ್ ಹೋದರೆ ಮ್ಯಾಕ್ ನಡೆಯುತ್ತದೆ, ರೂಟರ್ ನಡೆಯುವುದಿಲ್ಲ. ಅದಕ್ಕೊಂದು ಸಣ್ಣ ಯುಪಿಎಸ್ ತಂದಿಟ್ಟರೆ ಯಾವ ಮಾಡ್‌ಗಿಂತಲೂ ಜಾಸ್ತಿ ಲಾಭ.

ಸೆಟ್ಟಿಂಗ್ ಅಲ್ಲದ ಒಂದು ಹೋಲಿಕೆಯನ್ನೂ ಮಾಡಿ ನೋಡಿದೆ: ಗಾದಿ ಮೇಲೆ ಒಮ್ಮೆ, ಶಹಾಬಾದ್ ಪರಸಿ ನೆಲದ ಮೇಲೆ ಒಮ್ಮೆ. ಗಾದಿ ಮೇಲೆ ಮ್ಯಾಕ್‌ನ ತಳ ಬಿಸಿಯನ್ನು ಬಿಡಲು ಜಾಗವೇ ಇಲ್ಲ. ತಂಪು ಕಲ್ಲಿನ ಮೇಲೆ ಕೂತು ಆಡಿದಾಗ ಅದೇ ಸೋಡಿಯಂ ಗಟ್ಟಿಯಾಗಿ 60 ಹಿಡಿದು ನಿಂತಿತು. ಸಾವಿರಗಟ್ಟಲೆ ಕೊಟ್ಟು ಕೂಲಿಂಗ್ ಪ್ಯಾಡ್ ತರುವ ಮೊದಲು ಮನೆಯ ನೆಲ ನೋಡಿಕೊಳ್ಳಿ. ಚಾರ್ಜ್ ಆಗುವಾಗಲೂ ಬಿಸಿ ಏರುತ್ತದೆ, ಆದ್ದರಿಂದ ಮೊದಲೇ ತುಂಬಿಸಿಕೊಂಡು ವೈರ್ ತೆಗೆದು ಆಡುವುದು ಮೇಲು. ಕೂಲರ್‌ನ ನೇರ ಗಾಳಿಗೆ ಮಾತ್ರ ಇಡಬೇಡಿ, ಅದು ತೇವ.

ಈಗ ಆಪ್ಟಿಫೈನ್‌ನ ಜಾಗ. ದೊಡ್ಡ ಅಕ್ಕನ ಮಗನಿಗೆ ಮನೆ ಕಟ್ಟುವುದು ಬೇಡ, ಹಳೆಯ 1.8.9ರಲ್ಲಿ ಕತ್ತಿ ಕಾಳಗ ಬೇಕು. ಹೊಡೆತದ ಲಯ ಅದರಲ್ಲೇ ಚೆನ್ನ ಅಂತಾನೆ. ಅದಕ್ಕಾಗಿ ನನ್ನ ಮ್ಯಾಕ್ ಕೇಳುತ್ತಾನೆ. ಸೋಡಿಯಂ ಶುರುವಾಗುವುದೇ 1.16ರಿಂದ, ಹಾಗಾಗಿ ಅಲ್ಲಿ ಆಪ್ಟಿಫೈನ್‌ಗೆ ಎದುರಾಳಿಯೇ ಇಲ್ಲ. ಆಟದ ಅಧಿಕೃತ ಲಾಂಚರ್‌ನಲ್ಲಿ ಆ ಹಳೆಯ ಆವೃತ್ತಿ ಇಂಟೆಲ್ ಜಾವಾ ಮೇಲೆ, ಅಂದರೆ ಇಂಟೆಲ್ ಪ್ರೋಗ್ರಾಂಗಳನ್ನು ಆಪಲ್ ಚಿಪ್‌ಗೆ ಅನುವಾದಿಸುವ ರೊಸೆಟ್ಟಾ ಮೂಲಕ ಓಡುತ್ತದೆ. ಆಕ್ಟಿವಿಟಿ ಮಾನಿಟರ್ ತೆರೆದು ಜಾವಾ ಎದುರಿನ ಕೈಂಡ್ ಕಾಲಂ ನೋಡಿದರೆ ಇಂಟೆಲ್ ಅಂತ ಇರುತ್ತದೆ. 1.19ರಿಂದ ಈಚಿನದಕ್ಕೆ ಅಲ್ಲಿ ಆಪಲ್ ಅಂತ ಇರಬೇಕು. ಆದರೂ 1.8.9 ಎಷ್ಟು ಹಗುರ ಅಂದರೆ, ಆಪ್ಟಿಫೈನ್‌ನಲ್ಲಿ ಫಾಸ್ಟ್ ಗ್ರಾಫಿಕ್ಸ್, 60ರ ಲಿಮಿಟ್, ಡಿಸ್ಟೆನ್ಸ್ 6 ಇಟ್ಟುಕೊಟ್ಟರೆ ಮಧ್ಯಾಹ್ನದ ಬಿಸಿಲಲ್ಲೂ ಅವನಿಂದ ದೂರು ಬರುವುದಿಲ್ಲ. ಸೋತಾಗ ಮಾತ್ರ ಬರುತ್ತದೆ.