ಹಂಟರ್, ಸ್ಪೀಡ್ 400, ಎಕ್ಸ್‌ಪಲ್ಸ್: ಊರಿನ ದಾರಿಯಲ್ಲಿ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಾನು ತಗೊಂಡಿದ್ದು ಹೀರೋ ಎಕ್ಸ್‌ಪಲ್ಸ್ 200 4ವಿ. ಇವತ್ತಿಗೆ 21 ಸಾವಿರ ಕಿಲೋಮೀಟರ್ ಓಡಿದೆ. ಮತ್ತೆ ಆರಿಸು ಅಂದರೂ ಅದನ್ನೇ ತರುತ್ತೇನೆ. ಆದರೆ ಕಣ್ಣುಮುಚ್ಚಿಕೊಂಡು ತಂದಿದ್ದಲ್ಲ. ರಾಯಲ್ ಎನ್‌ಫೀಲ್ಡ್ ಹಂಟರ್ 350, ಟ್ರಯಂಫ್ ಸ್ಪೀಡ್ 400 ಎರಡನ್ನೂ ನಮ್ಮ ಊರಿನವರೆಗೆ ಓಡಿಸಿ ನೋಡಿದ್ದೆ. "ಖುಷಿಗೆ ಒಂದು ಬೈಕ್ ಬೇಕು, ಯಾವುದು ತಗೊಳ್ಳಲಿ?" ಅಂತ ಆಫೀಸಿನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಹೇಳಿದ್ದನ್ನು ಒಮ್ಮೆ ಸರಿಯಾಗಿ ಬರೆದಿಡೋಣ ಅನ್ನಿಸಿತು.

ಅಷ್ಟೊಂದು ಓಡಿಸಿ ನೋಡಿದ್ದಕ್ಕೆ ಹಳೆಯದೊಂದು ಕಾರಣ ಇದೆ. 24ನೇ ವಯಸ್ಸಿನಲ್ಲಿ ಸೆಕೆಂಡ್ ಹ್ಯಾಂಡ್ ಕೆಟಿಎಂ 390 ಡ್ಯೂಕ್ ಬೈಕ್ ತಗೊಂಡಿದ್ದೆ. ಅಲ್ಲಿಯವರೆಗೆ ನಾನು ಓಡಿಸಿದ್ದು ಅಪ್ಪನ ಸ್ಪ್ಲೆಂಡರ್ ಒಂದೇ. ಅದರದ್ದು ಸುಮಾರು 8 ಅಶ್ವಶಕ್ತಿ, ಇದರದ್ದು 43. ಐದು ಪಟ್ಟು! ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೆ ನಾನು ತಯಾರಿರಲಿಲ್ಲ, ಅಷ್ಟೇ. ಒಂದು ದಿನ ಮಳೆ ನಿಂತ ಮೇಲೆ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಕೊಟ್ಟೆ. ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ಸರಿಹೋಯಿತು. ಬೀಳಲಿಲ್ಲ. ಆದರೆ ಅವತ್ತಿನಿಂದ ತಿರುವು ಕಂಡರೆ ಸಾಕು, ಭುಜ ಬಿಗಿಯುತ್ತಿತ್ತು. ಎಂಟು ತಿಂಗಳು ಅರ್ಧ ಆಕ್ಸಿಲರೇಟರ್‌ನಲ್ಲೇ ಓಡಿಸಿ, ಕೊನೆಗೆ ನಷ್ಟಕ್ಕೆ ಮಾರಿದೆ. ಹೆದರಿಕೊಂಡು ಓಡಿಸುವ ಗಾಡಿಯಲ್ಲಿ ಖುಷಿ ಎಲ್ಲಿಂದ ಬರಬೇಕು ಹೇಳಿ?

ನನ್ನ ಓಡಾಟ ಹೇಗೆ ಅಂತ ಹೇಳದೆ ಹೋಲಿಸಿದರೆ ಅರ್ಥವಿಲ್ಲ. ವಾರದಲ್ಲಿ ಐದು ದಿನ ಬೆಂಗಳೂರಿನ ಟ್ರಾಫಿಕ್, ಆಫೀಸಿಗೆ 13 ಕಿಲೋಮೀಟರ್. ತಿಂಗಳಿಗೆ ಎರಡು ಸಲ ಮೂಡಿಗೆರೆ ಹತ್ತಿರದ ನಮ್ಮೂರು. ನೆಲಮಂಗಲ, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು ದಾರಿಯಾಗಿ ಸುಮಾರು 250 ಕಿಲೋಮೀಟರ್. ಹಾಸನದವರೆಗೆ ನಾಲ್ಕು ಪಥದ ಹೆದ್ದಾರಿ. ಬೇಲೂರು ದಾಟಿದ ಮೇಲೆ ತಿರುವುಗಳು ಶುರು. ಕೊನೆಯ ಆರು ಕಿಲೋಮೀಟರ್ ಕಾಫಿ ತೋಟದ ನಡುವಿನ ದಾರಿ. ಅರ್ಧ ಕಿತ್ತುಹೋದ ಟಾರು, ಅರ್ಧ ಕೆಂಪು ಮಣ್ಣು. ಕೈಯಲ್ಲಿದ್ದ ದುಡ್ಡು 2.25 ಲಕ್ಷ. ಅದು ಆನ್-ರೋಡ್ ಲೆಕ್ಕ, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿ. ಸಾಲ ಬೇಡ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು.

ಸ್ಪೀಡ್ 400 ಮೊದಲು ಓಡಿಸಿದೆ. ಗೆಳೆಯನದ್ದು, ಒಂದು ವಾರಾಂತ್ಯಕ್ಕೆ ಕೊಟ್ಟ. ಎಂಥ ಎಂಜಿನ್ ಅದು! 398 ಸಿಸಿ, 40 ಅಶ್ವಶಕ್ತಿ. ಆದರೆ ಆ ಶಕ್ತಿ ಮೈಮೇಲೆ ಬೀಳುವುದಿಲ್ಲ, ಕೇಳಿದಷ್ಟೇ ಕೊಡುತ್ತದೆ. ಯಡಿಯೂರು ದಾಟುವಷ್ಟರಲ್ಲಿ ಡ್ಯೂಕಿನ ಹಳೆಯ ಹೆದರಿಕೆ ಹೋಗಿತ್ತು. ಸರ್ವಿಸ್ ಕೂಡ 16 ಸಾವಿರ ಕಿಲೋಮೀಟರ್‌ಗೆ ಅಥವಾ ವರ್ಷಕ್ಕೆ ಒಂದು ಸಲ. ಹೆದ್ದಾರಿಯಲ್ಲಿ ಇವು ಮೂರರಲ್ಲಿ ಇದೇ ರಾಜ. ಆದರೆ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕಾನೂನು ಕೊಟ್ಟ ಮಿತಿ ಗಂಟೆಗೆ 80 ಕಿಲೋಮೀಟರ್. ಅದರ ಆಚೆ ಈ ಗಾಡಿಯಲ್ಲಿ ಇರುವ ಖುಷಿ ನನಗೆ ಬಳಕೆಗೆ ಬಾರದು.

ಅದನ್ನು ಕೈಬಿಟ್ಟಿದ್ದು ದುಡ್ಡಿನ ಕಾರಣಕ್ಕೆ. ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಮೀರಿದ ಬೈಕಿಗೆ ರಸ್ತೆ ತೆರಿಗೆಯೇ ಶೇ 18, ಮೇಲೆ ಸೆಸ್. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರಲ್ಲಿ ನಿಗದಿಯಾದ ದರದಲ್ಲಿ 150ರಿಂದ 350 ಸಿಸಿವರೆಗೆ ಅದು 7,365 ರೂಪಾಯಿ, 350 ದಾಟಿದರೆ 15,117. ಬರೀ 48 ಸಿಸಿ ಜಾಸ್ತಿ ಇರುವುದಕ್ಕೆ ಡಬಲ್! ಎಲ್ಲ ಕೂಡಿಸಿದಾಗ 3 ಲಕ್ಷ ದಾಟಿತು. 2025ರ ಸೆಪ್ಟೆಂಬರ್ 22ರಿಂದ ಆ 350ರ ಗೆರೆ ಇನ್ನೂ ದಪ್ಪ ಆಗಿದೆ. ಗೆರೆಯೊಳಗಿನ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನದಕ್ಕೆ ಶೇ 40 ಆಯಿತು. ಈಗ ತಗೊಳ್ಳುವವರು ಶೋರೂಮಿನ ಬೋರ್ಡ್ ನೋಡಿ ಮನಸ್ಸು ಮಾಡಬೇಡಿ. ಆನ್-ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಹಂಟರ್ ನಮ್ಮ ಭಾವನದ್ದು. ಎರಡು ವಾರ ನನ್ನ ಹತ್ತಿರವೇ ಇತ್ತು. ಊರೊಳಗೆ ಇದಕ್ಕಿಂತ ಒಳ್ಳೆಯ ಗಾಡಿ ಬೇಡ ಅನ್ನಿಸಿತು. 181 ಕೆಜಿ ತೂಕ ಅಂತ ಕಾಗದದಲ್ಲಿ ಓದಿದ್ದೆ, ಹೊರಟ ಮೇಲೆ ಗೊತ್ತೇ ಆಗುವುದಿಲ್ಲ. 17 ಇಂಚಿನ ಚಕ್ರ, ಗಿಡ್ಡ ಮೈಕಟ್ಟು, ಆಟೋಗಳ ನಡುವೆ ಸಲೀಸಾಗಿ ತೂರುತ್ತದೆ. ಸೀಟಿನ ಎತ್ತರ 790 ಮಿಲಿಮೀಟರ್. ನನ್ನ ಐದಡಿ ಆರಿಂಚಿಗೆ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತವೆ. ಆ ಡುಗುಡುಗು ಸದ್ದೂ ಹಿತ. ಬೆಂಗಳೂರು ಬಿಟ್ಟು ಹೊರಗೆ ಹೋಗದವನಾಗಿದ್ದರೆ ನಾನೂ ಇದನ್ನೇ ತಗೊಳ್ಳುತ್ತಿದ್ದೆ. ಹಂಟರಿನ ಮೆಟ್ರೋ ಮಾದರಿ ಆಗ 2.2 ಲಕ್ಷದ ಆಸುಪಾಸು ಇತ್ತು, ನನ್ನ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು.

ಸಾಲದೆ ಬಂದಿದ್ದು ಆ ಕೊನೆಯ ಆರು ಕಿಲೋಮೀಟರ್‌ನಲ್ಲಿ. ಹಂಟರಿನ ಹಿಂದಿನ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವುದು 102 ಮಿಲಿಮೀಟರ್. ಸ್ಪೀಡ್ 400ದು 130. ಎಕ್ಸ್‌ಪಲ್ಸ್‌ದು 170. ಅಂಕಿಯಲ್ಲಿ ಇದು ಸಣ್ಣ ವಿಷಯ. ನಮ್ಮ ತೋಟದ ದಾರಿಯಲ್ಲಿ ಅದು ಸೊಂಟಕ್ಕೆ ಗೊತ್ತಾಗುತ್ತದೆ. ಹಂಟರನ್ನು ಮಾಡಿದ್ದೇ ಪೇಟೆಯ ರಸ್ತೆಗೆ, ಅದರಿಂದ ಮಣ್ಣಿನ ದಾರಿಯ ಕೆಲಸ ಕೇಳುವುದು ನ್ಯಾಯವಲ್ಲ. 2025ರಲ್ಲಿ ಬಂದ ಹೊಸ ಹಂಟರಿಗೆ ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದಾರೆ. ನಾನು ಓಡಿಸಿದ್ದು ಅದಕ್ಕಿಂತ ಹಳೆಯದು, ಇದು ನೆನಪಿರಲಿ.

ಯಮಹಾ ಎಂಟಿ-15 ಕೂಡ ಪಟ್ಟಿಯಲ್ಲಿತ್ತು. ಓಡಿಸಲು ಬಲು ಚೆಂದ. ಹಿಂದಿನ ಸೀಟು ನೋಡಿ ನನ್ನ ಹೆಂಡತಿ ಬೇಡ ಅಂದಳು. ಅಲ್ಲಿಗೆ ಮುಗಿಯಿತು.

ಎಕ್ಸ್‌ಪಲ್ಸನ್ನು ಎರಡು ದಿನ ಬಾಡಿಗೆಗೆ ತಗೊಂಡೆ. ಹಾಸನದವರೆಗೆ ನನಗೆ ನಿಜವಾಗಿಯೂ ಬೇಜಾರಾಗಿತ್ತು. 90ರ ಮೇಲೆ ಹೋದರೆ ಎಂಜಿನ್ ಉಸಿರು ಹಿಡಿದಂತೆ ಆಗುತ್ತದೆ, ಹ್ಯಾಂಡಲಿನಲ್ಲಿ ಸಣ್ಣ ನಡುಕ. ಆರನೇ ಗೇರ್ ಬೇಕು ಅಂತ ಎಡಗಾಲು ಹುಡುಕುತ್ತದೆ, ಇರುವುದು ಐದೇ. ಸ್ಪೀಡ್ 400 ಓಡಿಸಿದ ಮೇಲೆ ಇದೇನಪ್ಪ ಅನ್ನಿಸಿತ್ತು. ಆಮೇಲೆ ಬೇಲೂರು ಬಂತು, ತಿರುವುಗಳು ಬಂದವು, ಕೊನೆಗೆ ತೋಟದ ದಾರಿ.

ಜುಲೈ ತಿಂಗಳು, ಉಂಬಳ ಹತ್ತುವ ಕಾಲ. ನಮ್ಮ ಮನೆಗೆ ತಿರುಗುವ ಏರಿನಲ್ಲಿ ಮಳೆನೀರು ಮೊಣಕಾಲುದ್ದದ ಕೊರಕಲು ಮಾಡಿತ್ತು. ಪ್ರತಿ ವರ್ಷ ಅಲ್ಲಿ ಇಳಿದು ಗಾಡಿ ತಳ್ಳುವುದು ನಮಗೆಲ್ಲ ಅಭ್ಯಾಸ. ಅವತ್ತು ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಎರಡನೇ ಗೇರಿನಲ್ಲಿ, ಕೊರಕಲಿನ ಅಂಚು ಹಿಡಿದು ಹೊರಟೆ. 21 ಇಂಚಿನ ಮುಂದಿನ ಚಕ್ರ ಕಲ್ಲನ್ನು ಗುದ್ದಲಿಲ್ಲ, ಹತ್ತಿ ಇಳಿಯಿತು. ಹಿಂದಿನ ಚಕ್ರ ಜಾರಿತು. ಡ್ಯೂಕ್ ಜಾರಿದ ಹಾಗೇ ಜಾರಿತು. ಆದರೆ ಈ ಸಲ ಹೆದರಿಕೆ ಆಗಲಿಲ್ಲ. 19 ಅಶ್ವಶಕ್ತಿ ಜಾರಿಸಿದ್ದನ್ನು ನನ್ನ ಕೈ ಸರಿಮಾಡಬಲ್ಲದು ಅಂತ ಆ ಕ್ಷಣದಲ್ಲೇ ಗೊತ್ತಾಯಿತು. ಮೇಲೆ ಹೋಗಿ ನಿಂತಾಗ ಅಂಗಳದಲ್ಲಿ ಅಪ್ಪ ಕೊಡೆ ಹಿಡಿದು ನೋಡುತ್ತಿದ್ದರು. "ಇಳೀಲೇ ಇಲ್ವಾ?" ಅಂದರು. ನಾನು ಆರಿಸಿದ್ದು ಅವಾಗಲೇ. ಬೆಂಗಳೂರಿಗೆ ಬಂದು ಮುಂಗಡ ಕೊಟ್ಟೆ. ಕೈಗೆ ಬಂದಾಗ ಆನ್-ರೋಡ್ ಸುಮಾರು 1.9 ಲಕ್ಷ ಆಗಿತ್ತು. ಉಳಿದ ದುಡ್ಡಿನಲ್ಲಿ ಒಳ್ಳೆಯ ಹೆಲ್ಮೆಟ್, ಜಾಕೆಟ್, ಬೂಟು ಬಂದವು.

ಸೀಟು ಎತ್ತರ, 825 ಮಿಲಿಮೀಟರ್. ಸಿಗ್ನಲ್ಲಿನಲ್ಲಿ ಒಂದೇ ಕಾಲಿನ ಮೇಲೆ ನಿಲ್ಲುವುದನ್ನು ಕಲಿಯಬೇಕು. ಹದಿನೈದು ದಿನ ಕಷ್ಟ, ಆಮೇಲೆ ನೆನಪೂ ಇರುವುದಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಮೈಲೇಜ್ ನನಗೆ 38ರಿಂದ 40.

ಈಗ ಪಂಕ್ಚರ್ ವಿಷಯಕ್ಕೆ ಬರುತ್ತೇನೆ. ಈ ಗಾಡಿಯ ಬಗ್ಗೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಎಕ್ಸ್‌ಪಲ್ಸ್‌ಗೆ ಕಡ್ಡಿ ಚಕ್ರ, ಒಳಗೆ ಟ್ಯೂಬು. ಅದಕ್ಕೆ ಕಾರಣವೂ ಇದೆ. ಕಲ್ಲಿಗೆ ಗುದ್ದಿದಾಗ ಅಲಾಯ್ ಚಕ್ರ ಸೀಳಬಹುದು. ಕಡ್ಡಿ ಚಕ್ರ ಬಾಗಿ ಪೆಟ್ಟು ತಡೆದುಕೊಳ್ಳುತ್ತದೆ. ಆದರೆ ಕಡ್ಡಿ ಸಿಕ್ಕಿಸಿದ ತೂತುಗಳಿಂದ ಗಾಳಿ ಹೋಗುತ್ತದೆ, ಹಾಗಾಗಿ ಟ್ಯೂಬ್ ಬೇಕೇ ಬೇಕು. ಹಂಟರ್ ಮೆಟ್ರೋ, ಸ್ಪೀಡ್ 400 ಎರಡೂ ಟ್ಯೂಬ್‌ಲೆಸ್. ಮೊಳೆ ಚುಚ್ಚಿದರೂ ಗಾಳಿ ಮೆಲ್ಲಗೆ ಇಳಿಯುತ್ತದೆ. ಚಕ್ರ ಬಿಚ್ಚದೆ ಹತ್ತು ನಿಮಿಷದಲ್ಲಿ ರಬ್ಬರ್ ಪಟ್ಟಿ ತುರುಕಿ ಹೊರಡಬಹುದು.

ನನಗೆ ಮೊದಲ ಪಂಕ್ಚರ್ ಆಗಿದ್ದು ಬೇಲೂರು ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ಆದ ಮೇಲೆ, ಸಂಜೆ ಐದೂವರೆಗೆ. ಹಿಂದಿನ ಚಕ್ರ ಹಾವಿನ ಹಾಗೆ ಹೊರಳತೊಡಗಿತು. ಟ್ಯೂಬು ತೂತಾದರೆ ಗಾಳಿ ಒಂದೇ ಸಲ ಹೋಗುತ್ತದೆ. ನಾನು ಆಗಲೇ ನಿಲ್ಲಿಸಬೇಕಿತ್ತು. ಮುಂದೆ ಅಂಗಡಿ ಸಿಗಬಹುದು ಅಂತ ಗಾಳಿಯಿಲ್ಲದ ಚಕ್ರದಲ್ಲೇ ಒಂದು ಕಿಲೋಮೀಟರ್ ಮೆಲ್ಲಗೆ ಓಡಿಸಿದೆ. ಅದೇ ದೊಡ್ಡ ತಪ್ಪು. ಗಾಳಿ ಇಲ್ಲದಾಗ ಟೈರು ರಿಮ್ಮಿನ ಮೇಲೆ ಜರುಗುತ್ತದೆ, ಟ್ಯೂಬನ್ನೂ ಎಳೆಯುತ್ತದೆ, ವಾಲ್ವ್ ಬುಡದಲ್ಲಿ ಹರಿಯುತ್ತದೆ.

ಪಂಕ್ಚರ್ ಅಂಗಡಿ ಸಿಕ್ಕಿತು. ಅಂಗಡಿಯವರು ಚಕ್ರ ನೋಡಿ, "ಇದು ಟ್ಯೂಬಾ ಸಾರ್? ಹಾಗಾದ್ರೆ ಬಿಚ್ಚಬೇಕು" ಅಂದರು. ಬಿಚ್ಚಬೇಕೆಂದರೆ ಎತ್ತಿ ನಿಲ್ಲಿಸಬೇಕು, ಈ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ. ಇಬ್ಬರೂ ಸೇರಿ ಎಂಜಿನ್ ಕೆಳಗಿನ ತಟ್ಟೆಗೆ ಎರಡು ಸಿಮೆಂಟ್ ಇಟ್ಟಿಗೆ, ಅದರ ಮೇಲೆ ಮರದ ತುಂಡು ಕೊಟ್ಟೆವು. ಅವರು ಲಿವರ್ ಹಾಕಿ ಟೈರ್ ಎಬ್ಬಿಸಿ, ಟ್ಯೂಬಿಗೆ ಗಾಳಿ ತುಂಬಿ ಬಾಣಲೆ ನೀರಿನಲ್ಲಿ ಅದ್ದಿದರು. ಮೊಳೆ ಚುಚ್ಚಿದ ಜಾಗದಲ್ಲಿ ಸಣ್ಣ ಗುಳ್ಳೆ. ವಾಲ್ವ್ ಬುಡದಲ್ಲಿ ನೀರೇ ಕುದಿಯುವಷ್ಟು ಗುಳ್ಳೆ. "ಮೊಳೆ ತೂತಿಗೆ ಪ್ಯಾಚ್ ಹಾಕ್ತೀನಿ ಸಾರ್, ಇದಕ್ಕೆ ಆಗಲ್ಲ" ಅಂದರು. ಹೊಸ ಟ್ಯೂಬೇ ಬೇಕು, ಈ ಗಾಡಿಯದ್ದು ಅವರ ಹತ್ತಿರ ಇಲ್ಲ. ಬೆಳಕು ಹೋಗುತ್ತಿತ್ತು, ಮಳೆ ಹನಿಯುತ್ತಿತ್ತು. ಆಗ ಅವರಿಗೇ ಹೊಳೆಯಿತು: ಕ್ಲಾಸಿಕ್ 350ರ ಹಿಂದಿನ ಟೈರಿನ ಅಳತೆಯೂ ಇದೇ, 120/80-18. ಒಳಗಿನಿಂದ ಒಂದು ಟ್ಯೂಬ್ ಹುಡುಕಿ ತಂದು ಹಾಕಿದರು. ಮನೆ ಸೇರಿದಾಗ ರಾತ್ರಿ ಎಂಟೂವರೆ.

ಆಮೇಲೆ ನಾನು ಕಲಿತೆ. ಮನೆಯ ಅಂಗಳದಲ್ಲಿ ಒಂದು ಭಾನುವಾರ ಪೂರ್ತಿ ಕೂತು ಹಿಂದಿನ ಚಕ್ರ ಮೂರು ಸಲ ಬಿಚ್ಚಿ ಹಾಕಿದೆ. ಮೊದಲ ಸಲ ಎರಡು ಗಂಟೆ, ಮೂರನೇ ಸಲ 50 ನಿಮಿಷ. ಈಗ ಬ್ಯಾಗಿನಲ್ಲಿ ಎರಡು ಟೈರ್ ಲಿವರ್, ಚಕ್ರದ ನಟ್ಟಿಗೆ ಸರಿಯಾದ ಸ್ಪ್ಯಾನರ್, ಪ್ಯಾಚ್ ಮತ್ತು ಸಲ್ಯೂಷನ್, ಬ್ಯಾಟರಿ ಪಂಪ್, ಒಂದು 21 ಇಂಚಿನ ಟ್ಯೂಬ್ ಇರುತ್ತವೆ. ಮುಂದಿನ ಟ್ಯೂಬನ್ನು ತಾತ್ಕಾಲಿಕವಾಗಿ ಹಿಂದಿನ ಚಕ್ರಕ್ಕೂ ಹಾಕಬಹುದು, ಅದಕ್ಕೇ 21 ಇಂಚಿನದು. ಆಮೇಲೆ ಎರಡು ಪಂಕ್ಚರ್ ಆಗಿವೆ, ಎರಡನ್ನೂ ರಸ್ತೆ ಪಕ್ಕದಲ್ಲೇ ನಾನೇ ಹಾಕಿದೆ. ಇದನ್ನು ಕಲಿಯುವ ಮನಸ್ಸಿಲ್ಲದಿದ್ದರೆ, ರಾತ್ರಿ ಒಬ್ಬರೇ ದೂರ ಓಡಾಡುವವರಾದರೆ, ದಯವಿಟ್ಟು ಈ ಗಾಡಿ ತಗೊಳ್ಳಬೇಡಿ.

ನಮ್ಮ ಚಿಕ್ಕಪ್ಪನಿಗೆ ಮಾತ್ರ ಇದು ಸಮಸ್ಯೆ ಅಂತಲೇ ಅನ್ನಿಸಿಲ್ಲ. ಅವರದ್ದು ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ. ಕಿಕ್ ಹೊಡೆಯುವ ಲಿವರ್ರೇ ಗೇರ್ ಲಿವರ್ ಕೂಡ ಆಗುವ ಗಾಡಿ ಅದು. "ಬಿಚ್ಚೋಕೆ ಬಾರದ ಗಾಡೀನ ಓಡಿಸೋದಾದ್ರೂ ಹೇಗೋ?" ಅಂತ ಅವರು ಕೇಳುತ್ತಾರೆ.

ದುಡ್ಡಿದ್ದು, ನಾಲ್ಕೈದು ವರ್ಷ ಗಾಡಿ ಓಡಿಸಿದ ಅನುಭವ ಇದ್ದು, ಹೆದ್ದಾರಿಯ ಓಡಾಟವೇ ಜಾಸ್ತಿ ಅಂದರೆ ಸ್ಪೀಡ್ 400 ತಗೊಳ್ಳಿ. ಹೆಚ್ಚು ದುಡ್ಡಿಗೆ ಹೆಚ್ಚು ಗಾಡಿ ಖಂಡಿತ ಸಿಗುತ್ತದೆ. ಸ್ಪ್ಲೆಂಡರ್‌ನಿಂದ, ಆ್ಯಕ್ಟಿವಾದಿಂದ ಮೊದಲ ಸಲ ಮೇಲಕ್ಕೆ ಬರುವವರು 40 ಅಶ್ವಶಕ್ತಿಗೆ ಕೈಹಾಕುವ ಮೊದಲು 20ರ ಗಾಡಿಯಲ್ಲಿ ಎರಡು ಮಳೆಗಾಲ ಕಳೆಯಿರಿ. ಎಕ್ಸ್‌ಪಲ್ಸ್ 210 ಈಗ ಬಂದಿದೆ. 24 ಅಶ್ವಶಕ್ತಿ, ಆರು ಗೇರ್, ನನಗೆ ಹೆದ್ದಾರಿಯಲ್ಲಿ ಬೇಕಾಗಿದ್ದೇ ಅದು. ಆದರೆ ನನ್ನದಿನ್ನೂ ಚೆನ್ನಾಗಿ ಓಡುತ್ತಿದೆ. ಸುಮ್ನೆ ಯಾಕೆ ಬದಲಿಸಲಿ?

ಹೋದ ವಾರ ನಮ್ಮ ಟೀಮಿನ ಹುಡುಗನೊಬ್ಬ ನನ್ನ ಗಾಡಿ ಓಡಿಸಿ ನೋಡಿ, ತಾನೂ ಇದನ್ನೇ ಬುಕ್ ಮಾಡುತ್ತೇನೆ ಅಂದ. ಊರಿಗೆ ಹೇಗೆ ಹೋಗ್ತೀಯಪ್ಪ ಅಂತ ಕೇಳಿದೆ. ಹುಬ್ಬಳ್ಳಿಗೆ ರೈಲಿನಲ್ಲಿ, ಬೆಂಗಳೂರಿನಲ್ಲಿ ಮಾತ್ರ ಬೈಕು, ಹಿಂದೆ ಅವನ ಅಮ್ಮ ಕೂರುತ್ತಾರೆ. ಈ ಸೀಟಿಗೆ ಅವರು ಹೇಗೆ ಹತ್ತಬೇಕು? ಅವನಿಗೆ ಹಂಟರ್ ಓಡಿಸಿ ನೋಡಲು ಹೇಳಿದ್ದೇನೆ. ಶನಿವಾರ ಭಾವನ ಗಾಡಿ ತಂದುಕೊಡುತ್ತೇನೆ.